ಎಲೆಕ್ಟ್ರಾನ್ ವಿನ್ಯಾಸ ಮತ್ತು ಆರ್ಬಿಟಲ್ ಚಿತ್ರ: ರಾಯಚೂರು ಸೀಮೆಯ ಧಾತುಗಳ ನೆಲೆಯಿಂದ

ಎಲೆಕ್ಟ್ರಾನ್ ವಿನ್ಯಾಸ: ಪರಮಾಣುವೊಂದರ ಎಲೆಕ್ಟ್ರಾನುಗಳು ಯಾವ ಶಕ್ತಿಮಟ್ಟದಲ್ಲಿ ಎಷ್ಟೆಷ್ಟು ನೆಲೆಸಿವೆ ಎಂಬುದನ್ನು ಅಂಕಿ–ಅಕ್ಷರಗಳಲ್ಲಿ ಬರೆದಿಡುವ ಕ್ರಮ. ಅದೇ ಸಂಗತಿಯನ್ನು ಚೌಕಗಳೊಳಗೆ ಬಾಣ ಎಳೆದು ತೋರಿಸಿದರೆ ಅದು ಆರ್ಬಿಟಲ್ ಚಿತ್ರ. ಒಂದು ಧಾತು ಏನನ್ನು ಕೂಡಿಕೊಳ್ಳುತ್ತದೆ, ಎಷ್ಟು ಬಂಧ ಕಟ್ಟುತ್ತದೆ, ಅದರ ಲವಣಕ್ಕೆ ಬಣ್ಣ ಇದೆಯೇ ಇಲ್ಲವೇ, ಕಾಂತ ಅದನ್ನು ಸೆಳೆಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಮೊದಲು ನೋಡುವುದು ಈ ಬರಹವನ್ನು. ಕಾಲೇಜಿನಲ್ಲಿ ಇದನ್ನು ಬಾಯಿಪಾಠದ ಸಾಲಾಗಿ ಕಲಿಯುವವರೇ ಹೆಚ್ಚು. ಆದರೆ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿನಲ್ಲಿ ಕುಳಿತು ಓದುವ ವಿದ್ಯಾರ್ಥಿಗೆ ಉದಾಹರಣೆಗಳು ಪಠ್ಯಪುಸ್ತಕದಿಂದಲೇ ಬರಬೇಕಾಗಿಲ್ಲ. ಹಟ್ಟಿಯ ಚಿನ್ನ, ಬೋರ್‌ವೆಲ್ ನೀರಿನ ಫ್ಲೋರೈಡ್, ಶಕ್ತಿನಗರದ ಹಾರುಬೂದಿ, ಮಾನ್ವಿಯ ಭತ್ತದ ಗದ್ದೆಗೆ ಬೀಳುವ ಸತುವಿನ ಸಲ್ಫೇಟ್ ಇವೆಲ್ಲ ಅದೇ ಬರಹದ ಪಾಠಗಳು. ಈ ಲೇಖನ ನಿಯಮಗಳನ್ನು ಹೇಳಿ, ಅವನ್ನು ಈ ಸೀಮೆಯ ಧಾತುಗಳ ಮೇಲೆ ನಡೆಸಿ ನೋಡುತ್ತದೆ.

ಬರೆಯುವ ಕ್ರಮ

ಎಲೆಕ್ಟ್ರಾನುಗಳಿರುವ ದೊಡ್ಡ ವಿಭಾಗಕ್ಕೆ ಕವಚ ಎನ್ನುತ್ತಾರೆ. ಕವಚಗಳಿಗೆ 1, 2, 3, 4 ಎಂಬ ಪ್ರಧಾನ ಕ್ವಾಂಟಂ ಸಂಖ್ಯೆಗಳಿವೆ. ಪ್ರತಿ ಕವಚದೊಳಗೆ ಎಸ್, ಪಿ, ಡಿ, ಎಫ್ ಎಂಬ ಉಪಕವಚಗಳು. ಮೊದಲ ಕವಚದಲ್ಲಿ ಎಸ್ ಮಾತ್ರ, ಎರಡನೆಯದರಲ್ಲಿ ಎಸ್ ಮತ್ತು ಪಿ, ಮೂರನೆಯದರಲ್ಲಿ ಡಿ ಕೂಡ, ನಾಲ್ಕನೆಯದರಲ್ಲಿ ಎಫ್ ಕೂಡ. ಉಪಕವಚದೊಳಗಿನ ಒಂದೊಂದು ನೆಲೆಯೇ ಆರ್ಬಿಟಲ್. ಎಸ್‌ಗೆ 1, ಪಿಗೆ 3, ಡಿಗೆ 5, ಎಫ್‌ಗೆ 7 ಆರ್ಬಿಟಲ್‌ಗಳು. ಒಂದು ಆರ್ಬಿಟಲ್‌ನಲ್ಲಿ ಹೆಚ್ಚೆಂದರೆ 2 ಎಲೆಕ್ಟ್ರಾನು. ಹೀಗಾಗಿ ಉಪಕವಚಗಳ ಮಿತಿ ಕ್ರಮವಾಗಿ 2, 6, 10, 14.

2ಪಿ⁴ ಎಂದು ಬರೆದರೆ 2 ಎನ್ನುವುದು ಕವಚ, ಪಿ ಎನ್ನುವುದು ಉಪಕವಚ, ತಲೆಯ ಮೇಲಿನ 4 ಎಲೆಕ್ಟ್ರಾನುಗಳ ಎಣಿಕೆ. ಆಮ್ಲಜನಕದ ಪರಮಾಣು ಸಂಖ್ಯೆ 8. ಅದರ ವಿನ್ಯಾಸ 1ಎಸ್² 2ಎಸ್² 2ಪಿ⁴. ಮೇಲಿನ ಅಂಕಿಗಳನ್ನು ಕೂಡಿದರೆ ಪರಮಾಣು ಸಂಖ್ಯೆ ಬರಲೇಬೇಕು. ಬರೆದು ಮುಗಿಸಿದ ಮೇಲೆ ಹೀಗೆ ಕೂಡಿ ನೋಡುವ ಅಭ್ಯಾಸ ಇರುವವರು ತಪ್ಪುವುದು ಅಪರೂಪ. ದೊಡ್ಡ ಧಾತುಗಳಲ್ಲಿ ಸಾಲು ಉದ್ದವಾಗುವುದರಿಂದ ಹಿಂದಿನ ಜಡಾನಿಲದ ಹೆಸರನ್ನು ಚೌಕ ಕಂಸದಲ್ಲಿಟ್ಟು ಉಳಿದದ್ದನ್ನಷ್ಟೇ ಬರೆಯುತ್ತಾರೆ. ಕಬ್ಬಿಣಕ್ಕೆ 26 ಎಲೆಕ್ಟ್ರಾನುಗಳು. ಆರ್ಗಾನಿನ 18 ಕಳೆದರೆ ಉಳಿಯುವುದು 8. ಆದ್ದರಿಂದ [ಆರ್ಗಾನ್] 3ಡಿ⁶ 4ಎಸ್².

ತುಂಬುವ ಅನುಕ್ರಮಕ್ಕೆ ಒಂದು ಸರಳ ಲೆಕ್ಕ ಇದೆ. ಕವಚದ ಸಂಖ್ಯೆಗೆ ಉಪಕವಚದ ಬೆಲೆಯನ್ನು ಕೂಡಬೇಕು. ಎಸ್‌ಗೆ 0, ಪಿಗೆ 1, ಡಿಗೆ 2, ಎಫ್‌ಗೆ 3. ಮೊತ್ತ ಕಡಿಮೆ ಇರುವುದು ಮೊದಲು ತುಂಬುತ್ತದೆ. ಮೊತ್ತ ಸಮನಾದರೆ ಕವಚದ ಸಂಖ್ಯೆ ಚಿಕ್ಕದಿರುವುದಕ್ಕೆ ಆದ್ಯತೆ. 4ಎಸ್‌ನ ಮೊತ್ತ 4, 3ಡಿಯ ಮೊತ್ತ 5. ಅದಕ್ಕೇ 4ಎಸ್ ಮೊದಲು. 3ಡಿ ಮತ್ತು 4ಪಿ ಎರಡರ ಮೊತ್ತವೂ 5. ಆಗ 3ಡಿ ಮುಂದೆ. ಈ ಲೆಕ್ಕದಿಂದ ಬರುವ ಸಾಲು: 1ಎಸ್, 2ಎಸ್, 2ಪಿ, 3ಎಸ್, 3ಪಿ, 4ಎಸ್, 3ಡಿ, 4ಪಿ, 5ಎಸ್, 4ಡಿ, 5ಪಿ, 6ಎಸ್, 4ಎಫ್, 5ಡಿ, 6ಪಿ, 7ಎಸ್, 5ಎಫ್, 6ಡಿ, 7ಪಿ.

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಮಕ್ಕಳು ಕೆ, ಎಲ್, ಎಂ, ಎನ್ ಎಂಬ ಕವಚಗಳನ್ನಷ್ಟೇ ಕಲಿಯುತ್ತಾರೆ. ಪೊಟ್ಯಾಸಿಯಂ 2, 8, 8, 1. ಕ್ಯಾಲ್ಸಿಯಂ 2, 8, 8, 2. ಎಂ ಕವಚಕ್ಕೆ 18 ಎಲೆಕ್ಟ್ರಾನು ಹಿಡಿಯುತ್ತದೆ ಎಂದು ಹೇಳಿದ ಪಾಠವೇ, 8ಕ್ಕೆ ನಿಲ್ಲಿಸಿ 19ನೆಯದನ್ನು ಎನ್ ಕವಚಕ್ಕೆ ಕಳಿಸುತ್ತದೆ. ಚುರುಕಾದ ಮಗು ಅಲ್ಲಿ ತಡೆದು ಕೇಳಿಯೇ ಕೇಳುತ್ತದೆ. ಉತ್ತರ ಸಿಗುವುದು ಪಿಯುಸಿ ಮೊದಲ ವರ್ಷದಲ್ಲಿ: 4ಎಸ್ ಕೆಳಗಿದೆ, 3ಡಿ ಮೇಲಿದೆ. ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ಈ ಉತ್ತರ ಸಿಗುವ ಹೊತ್ತಿಗೇ ಇಂಗ್ಲಿಷ್ ಪಠ್ಯಕ್ಕೆ ದಾಟಬೇಕಾಗುತ್ತದೆ. ವಿಷಯದ ಅತ್ಯಂತ ಕಠಿಣ ತಿರುವು ಮತ್ತು ಭಾಷೆಯ ತಿರುವು ಒಂದೇ ತಿಂಗಳಲ್ಲಿ ಎದುರಾಗುತ್ತವೆ. ಪ್ರಶ್ನೆ ಕನ್ನಡದಲ್ಲಿ ಹುಟ್ಟಿದ್ದರಿಂದ ಉತ್ತರವನ್ನೂ ಒಮ್ಮೆ ಕನ್ನಡದಲ್ಲೇ ಹೇಳಿ ಮುಂದೆ ಹೋಗುವ ಉಪನ್ಯಾಸಕರ ಉಪಕಾರ ದೊಡ್ಡದು.

ತುಂಬುವ ಕ್ರಮವನ್ನು ಈ ಸೀಮೆಯವರಿಗೆ ಕಾಲುವೆಯಿಂದ ವಿವರಿಸಬಹುದು. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದ ಗದ್ದೆಗಳು ಕುಡಿದ ಮೇಲೆಯೇ ಕೊನೆಭಾಗದ ಮಾನ್ವಿ, ರಾಯಚೂರು ಕಡೆಗೆ ನೀರು. ಮೊದಲು ಸಿಗುವ ನೆಲೆ ತುಂಬದೆ ಮುಂದಿನದಕ್ಕೆ ಪಾಲಿಲ್ಲ. ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಕಾಲುವೆಯ ಗದ್ದೆಗಳು ಇದ್ದ ಎತ್ತರದಲ್ಲೇ ಇರುತ್ತವೆ; ಪರಮಾಣುವಿನಲ್ಲಿ ಬೀಜದ ಆವೇಶ ಬೆಳೆದಂತೆ, ಎಲೆಕ್ಟ್ರಾನು ಸೇರಿದಂತೆ ಮಟ್ಟಗಳೇ ಮೇಲೆ ಕೆಳಗೆ ಸರಿಯುತ್ತವೆ. ಸ್ಕ್ಯಾಂಡಿಯಂನಿಂದ ಮುಂದೆ 3ಡಿ ಒಳಕ್ಕೆ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಕಬ್ಬಿಣ ಎಲೆಕ್ಟ್ರಾನು ಕಳೆದುಕೊಂಡು ಅಯಾನು ಆಗುವಾಗ ಮೊದಲು ಹೋಗುವುದು ಕೊನೆಗೆ ಬಂದ 3ಡಿಯವಲ್ಲ, 4ಎಸ್‌ನವು. ಫೆರಸ್ ಅಯಾನಿನ ವಿನ್ಯಾಸ [ಆರ್ಗಾನ್] 3ಡಿ⁶, ಫೆರಿಕ್ ಅಯಾನಿನದು [ಆರ್ಗಾನ್] 3ಡಿ⁵. ಫೆರಸ್‌ಗೆ 3ಡಿ⁴ 4ಎಸ್² ಎಂದು ಬರೆಯುವುದು ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ಸೇರುವ ಕ್ರಮವೇ ಹೊರಡುವ ಕ್ರಮವೂ ಎಂದು ಭಾವಿಸಿದ್ದೇ ಅದಕ್ಕೆ ಕಾರಣ.

ಬಾಣಗಳ ಚಿತ್ರ

ಆರ್ಬಿಟಲ್ ಚಿತ್ರದಲ್ಲಿ ಪ್ರತಿ ಆರ್ಬಿಟಲ್‌ಗೆ ಒಂದು ಚೌಕ, ಪ್ರತಿ ಎಲೆಕ್ಟ್ರಾನಿಗೆ ಒಂದು ಬಾಣ. ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣವಿದೆ, ಅದಕ್ಕೆ ಎರಡೇ ಬೆಲೆ. ಮೇಲ್ಮುಖದ ಬಾಣ ಒಂದನ್ನು, ಕೆಳಮುಖದ ಬಾಣ ಇನ್ನೊಂದನ್ನು ಹೇಳುತ್ತದೆ. ಪೌಲಿಯ ನಿಷೇಧ ತತ್ತ್ವದ ಪ್ರಕಾರ ಒಂದು ಚೌಕದೊಳಗಿನ ಎರಡು ಬಾಣಗಳು ವಿರುದ್ಧ ದಿಕ್ಕಿನವೇ ಆಗಿರಬೇಕು. ಹುಂಡನ ನಿಯಮದ ಪ್ರಕಾರ ಒಂದೇ ಉಪಕವಚದ ಚೌಕಗಳಿಗೆ ಮೊದಲು ಒಂದೊಂದು ಬಾಣ, ಅವೂ ಒಂದೇ ದಿಕ್ಕಿನವು. ಎಲ್ಲ ಚೌಕಗಳಿಗೂ ಒಂದೊಂದು ಸಿಕ್ಕ ಮೇಲೆಯೇ ಜೋಡಿ.

ಸಾರಜನಕ, 2ಪಿ³: [↑ ][↑ ][↑ ]
ಆಮ್ಲಜನಕ, 2ಪಿ⁴: [↑↓][↑ ][↑ ]
ಫ್ಲೋರಿನ್, 2ಪಿ⁵: [↑↓][↑↓][↑ ]

ಅಂಕಿಯ ಬರಹ ಮುಚ್ಚಿಡುವುದನ್ನು ಚಿತ್ರ ತೆರೆದಿಡುತ್ತದೆ. 2ಪಿ⁴ ಎಂದು ಓದಿದವರಿಗೆ ನಾಲ್ಕು ಎಲೆಕ್ಟ್ರಾನು ಇವೆ ಎಂದಷ್ಟೇ ಗೊತ್ತಾಗುತ್ತದೆ. ಚಿತ್ರ ನೋಡಿದವರಿಗೆ ಅವುಗಳಲ್ಲಿ ಎರಡು ಒಂಟಿ ಎಂದು ಕಾಣುತ್ತದೆ. ಬಂಧ ಕಟ್ಟುವವು, ಕಾಂತಕ್ಕೆ ಸ್ಪಂದಿಸುವವು ಈ ಒಂಟಿ ಎಲೆಕ್ಟ್ರಾನುಗಳೇ. ಅಂಕ ಉಳಿಸಿಕೊಳ್ಳಲು ಚಿತ್ರ ಬಿಡಿಸಿ, ಅರ್ಥ ಮಾಡಿಕೊಳ್ಳಲು ಅಂಕಿ ಓದುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ನಡೆಯಬೇಕಾದದ್ದು ತಿರುಗಾಮುರುಗಾ: ಬರೆಯುವುದಕ್ಕೆ ಅಂಕಿ ಸಾಕು, ಅರಿಯುವುದಕ್ಕೆ ಚಿತ್ರವೇ ಬೇಕು.

ಸಿದ್ಧಾಂತ ಬೆಳೆದ ದಾರಿ

ನೀಲ್ಸ್ ಬೋರ್ 1913ರಲ್ಲಿ ಹೈಡ್ರೋಜನ್ನಿನ ರೋಹಿತವನ್ನು ನಿಗದಿತ ಶಕ್ತಿಮಟ್ಟಗಳಿಂದ ವಿವರಿಸಿದ. ಎಸ್, ಪಿ, ಡಿ, ಎಫ್ ಎಂಬ ಅಕ್ಷರಗಳು ರೋಹಿತದ ರೇಖೆಗಳಿಗೆ ಹಿಂದೆಯೇ ಇದ್ದ ಶಾರ್ಪ್, ಪ್ರಿನ್ಸಿಪಲ್, ಡಿಫ್ಯೂಸ್, ಫಂಡಮೆಂಟಲ್ ಎಂಬ ಹೆಸರುಗಳಿಂದ ಬಂದವು. 1920ರ ದಶಕದ ಆರಂಭದಲ್ಲಿ ಬೋರ್ ಧಾತುಗಳನ್ನು ಒಂದೊಂದಾಗಿ ಎಲೆಕ್ಟ್ರಾನು ಸೇರಿಸುತ್ತ ಕಟ್ಟಿ ನೋಡಿದ. ಆ ಕಟ್ಟೋಣದಿಂದ ಹೊಮ್ಮಿದ ಒಂದು ಮಾತು ವಿಜ್ಞಾನದ ಚರಿತ್ರೆಯಲ್ಲೇ ಸೊಗಸಾದದ್ದು. ಆಗಿನ್ನೂ ಸಿಕ್ಕದಿದ್ದ 72ನೆಯ ಧಾತು ವಿರಳ ಭಸ್ಮಗಳ ಗುಂಪಿನದೆಂದು ಹಲವರು ನಂಬಿದ್ದರು. 4ಎಫ್ 14ಕ್ಕೆ ತುಂಬಿಹೋಗುತ್ತದೆ, ಆದ್ದರಿಂದ 72ನೆಯದು ಜಿರ್ಕೋನಿಯಂನ ಬಂಧುವಾಗಿರಬೇಕು ಎಂಬುದು ಬೋರನ ವಾದ. ಅವನದೇ ಕೋಪನ್‌ಹೇಗನ್ ಸಂಸ್ಥೆಯಲ್ಲಿ ಡರ್ಕ್ ಕೋಸ್ಟರ್ ಮತ್ತು ಜಾರ್ಜ್ ಹೆವೆಶಿ ಜಿರ್ಕೋನಿಯಂ ಅದಿರಿನಲ್ಲೇ ಅದನ್ನು ಹುಡುಕಿ ತೆಗೆದರು. ಸುದ್ದಿಯನ್ನು ಬೋರ್ 1922ರ ಡಿಸೆಂಬರಿನ ತನ್ನ ನೊಬೆಲ್ ಉಪನ್ಯಾಸದಲ್ಲಿ ತಿಳಿಸಿದ. ಕೋಪನ್‌ಹೇಗನ್ನಿನ ಲ್ಯಾಟಿನ್ ಹೆಸರಿನಿಂದ ಆ ಧಾತು ಹಾಫ್ನಿಯಂ ಆಯಿತು. ಅದರ ವಿನ್ಯಾಸ [ಕ್ಸೆನಾನ್] 4ಎಫ್¹⁴ 5ಡಿ² 6ಎಸ್².

ಉಳಿದ ಹೆಜ್ಜೆಗಳು ಬೇಗ ಬೇಗ ಬಿದ್ದವು. 1924ರಲ್ಲಿ ಎಡ್ಮಂಡ್ ಸ್ಟೋನರ್ ಉಪಕವಚಗಳ ಎಣಿಕೆಯನ್ನು ತಿದ್ದಿದ, 1925ರಲ್ಲಿ ವೋಲ್ಫ್‌ಗಾಂಗ್ ಪೌಲಿ ನಿಷೇಧ ತತ್ತ್ವ ಕೊಟ್ಟ, ಅದೇ ವರ್ಷ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಸ್ಪಿನ್ ಕಲ್ಪನೆಯನ್ನು ಮುಂದಿಟ್ಟರು, 1926ರಲ್ಲಿ ಎರ್ವಿನ್ ಶ್ರೋಡಿಂಗರನ ತರಂಗ ಸಮೀಕರಣ ಬಂತು. ಆ ಮೇಲೆ ಬೋರನ ದುಂಡನೆಯ ಕಕ್ಷೆಗಳಿಗೆ ಅರ್ಥ ಉಳಿಯಲಿಲ್ಲ. ಎಲೆಕ್ಟ್ರಾನು ಇರುವ ಸಂಭವ ಹೆಚ್ಚಿರುವ ಪ್ರದೇಶವನ್ನು ಹೇಳುವ ಆರ್ಬಿಟಲ್ ಎಂಬ ಹೆಸರನ್ನು ರಾಬರ್ಟ್ ಮುಲ್ಲಿಕನ್ 1932ರಲ್ಲಿ ಬಳಕೆಗೆ ತಂದ. ಮೊತ್ತದ ನಿಯಮ 1936ರಲ್ಲಿ ಅದನ್ನು ಪ್ರಕಟಿಸಿದ ಎರ್ವಿನ್ ಮಾಡೆಲುಂಗನ ಹೆಸರಿನಲ್ಲಿ ಉಳಿದಿದೆ.

ಗೊಬ್ಬರದ ಅಂಗಡಿಯ ಮೂರು ಲವಣಗಳು

ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ಗೊಬ್ಬರದ ಅಂಗಡಿಗೆ ಹೋಗಿ ಅನ್ನಭೇದಿ, ಮೈಲುತುತ್ತ, ಜಿಂಕ್ ಸಲ್ಫೇಟ್ ಮೂರನ್ನೂ ಒಂದೊಂದು ಹಿಡಿ ತಂದು ಬಿಳಿ ಕಾಗದದ ಮೇಲೆ ಸುರಿದರೆ ಡಿ ಉಪಕವಚದ ಪಾಠ ಅರ್ಧ ಮುಗಿದಂತೆ. ಅನ್ನಭೇದಿ ಕಬ್ಬಿಣದ ಸಲ್ಫೇಟ್, ತಿಳಿಹಸಿರು. ಮೈಲುತುತ್ತ ತಾಮ್ರದ ಸಲ್ಫೇಟ್, ಕಡುನೀಲಿ. ಸತುವಿನ ಸಲ್ಫೇಟ್ ಬೆಳ್ಳಗೆ. ಮೂರರಲ್ಲೂ ಸಲ್ಫೇಟ್ ಒಂದೇ, ಲೋಹದ ಅಯಾನು ಮೂರರಲ್ಲೂ ಎರಡು ಎಲೆಕ್ಟ್ರಾನು ಕಳೆದುಕೊಂಡದ್ದೇ. ವ್ಯತ್ಯಾಸ 3ಡಿಯಲ್ಲಿದೆ.

ಫೆರಸ್, 3ಡಿ⁶: [↑↓][↑ ][↑ ][↑ ][↑ ]
ತಾಮ್ರ, 3ಡಿ⁹: [↑↓][↑↓][↑↓][↑↓][↑ ]
ಸತು, 3ಡಿ¹⁰: [↑↓][↑↓][↑↓][↑↓][↑↓]

ಹರಳಿನೊಳಗೆ ನೀರಿನ ಅಣುಗಳು ಲೋಹದ ಅಯಾನನ್ನು ಸುತ್ತುವರಿದಾಗ ಐದು ಡಿ ಆರ್ಬಿಟಲ್‌ಗಳು ಸಮಶಕ್ತಿಯಲ್ಲಿ ಉಳಿಯುವುದಿಲ್ಲ, ಎರಡು ಗುಂಪಾಗಿ ಒಡೆಯುತ್ತವೆ. ಎಲೆಕ್ಟ್ರಾನು ಕೆಳಗಿನ ಗುಂಪಿನಿಂದ ಮೇಲಿನದಕ್ಕೆ ಜಿಗಿಯಲು ಬೆಳಕಿನ ಒಂದು ಬಣ್ಣವನ್ನು ಹೀರುತ್ತದೆ. ಉಳಿದ ಬಣ್ಣ ನಮ್ಮ ಕಣ್ಣಿಗೆ ಬೀಳುತ್ತದೆ. ಸತುವಿನಲ್ಲಿ ಹತ್ತೂ ನೆಲೆ ಭರ್ತಿ. ಜಿಗಿಯಲು ಜಾಗ ಇಲ್ಲ, ಬೆಳಕು ಹೀರುವ ಪ್ರಶ್ನೆಯೂ ಇಲ್ಲ. ಹಾಗೆಂದು ಬಣ್ಣವನ್ನು ವಿನ್ಯಾಸ ಒಂದೇ ನಿರ್ಧರಿಸುತ್ತದೆ ಎನ್ನಲಾಗದು. ಮೈಲುತುತ್ತವನ್ನು ಬಾಣಲೆಯಲ್ಲಿ ಕಾಯಿಸಿದರೆ ನೀರು ಆರಿ ಬೆಳ್ಳಗಾಗುತ್ತದೆ, ಒಂದು ಹನಿ ನೀರು ಬಿದ್ದರೆ ಮತ್ತೆ ನೀಲಿ. ಎರಡೂ ಹೊತ್ತಿನಲ್ಲಿ ತಾಮ್ರದ ವಿನ್ಯಾಸ 3ಡಿ⁹ ಆಗಿಯೇ ಇತ್ತು. ಬದಲಾದದ್ದು ಸುತ್ತಲಿನ ನೆರೆ, ಅದರೊಂದಿಗೆ ಎರಡು ಗುಂಪುಗಳ ನಡುವಿನ ಅಂತರ. ಇದು ಯಾವ ಕಾಲೇಜಿನ ಪ್ರಯೋಗಾಲಯದಲ್ಲೂ ಹತ್ತು ನಿಮಿಷದಲ್ಲಿ ಮಾಡಿ ತೋರಿಸಬಹುದಾದದ್ದು.

ಒಂಟಿ ಎಲೆಕ್ಟ್ರಾನುಗಳ ಎಣಿಕೆಯಿಂದ ಕಾಂತ ಭ್ರಾಮಕವನ್ನೂ ಲೆಕ್ಕ ಹಾಕಬಹುದು. ಒಂಟಿಗಳ ಸಂಖ್ಯೆಯನ್ನು, ಅದಕ್ಕೆ ಎರಡು ಕೂಡಿದ ಸಂಖ್ಯೆಯಿಂದ ಗುಣಿಸಿ ವರ್ಗಮೂಲ ತೆಗೆದರಾಯಿತು. ಫೆರಸ್‌ಗೆ ಒಂಟಿ 4, ಭ್ರಾಮಕ 4.90 ಬೋರ್ ಮ್ಯಾಗ್ನೆಟಾನ್. ತಾಮ್ರದ ಅಯಾನಿಗೆ ಒಂಟಿ 1, ಭ್ರಾಮಕ 1.73, ಸತುವಿಗೆ ಸೊನ್ನೆ.

ಕಬ್ಬಿಣದ ಎರಡು ಅಯಾನುಗಳ ನಡುವಿನ ಹೋಗಿಬರುವಿಕೆಯನ್ನು ಈ ಜಿಲ್ಲೆಯ ಮಣ್ಣಿನಲ್ಲೇ ನೋಡಬಹುದು. ಮಸಾರಿ ಹೊಲದ ಕೆಂಪು ಫೆರಿಕ್ ಆಕ್ಸೈಡಿನದು. ಅಲ್ಲಿ ಕಬ್ಬಿಣ 3ಡಿ⁵, ಐದು ಚೌಕಕ್ಕೂ ಒಂದೊಂದೇ ಬಾಣ. ಭತ್ತಕ್ಕೆ ನೀರು ನಿಲ್ಲಿಸಿದಾಗ ಮಣ್ಣಿಗೆ ಗಾಳಿ ತಪ್ಪುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಫೆರಿಕ್ ಕಬ್ಬಿಣಕ್ಕೆ ಎಲೆಕ್ಟ್ರಾನು ಒಪ್ಪಿಸುತ್ತವೆ. ಒಂದು ಬಾಣ ಹೆಚ್ಚಿ 3ಡಿ⁶ ಆಗುತ್ತದೆ. ಫೆರಸ್ ನೀರಿನಲ್ಲಿ ಕರಗುತ್ತದೆ, ಫೆರಿಕ್ ಕರಗುವುದು ಬಲು ಕಡಿಮೆ. ನೀರು ನಿಂತ ಗದ್ದೆಯ ಭತ್ತಕ್ಕೆ ಕಬ್ಬಿಣ ಸುಲಭವಾಗಿ ಸಿಗುವುದು, ಸುಣ್ಣದ ಅಂಶ ಹೆಚ್ಚಿರುವ ಒಣ ಎರೆಹೊಲದಲ್ಲಿ ಎಲೆ ಹಳದಿಗೆ ತಿರುಗಿ ಅನ್ನಭೇದಿ ಸಿಂಪಡಿಸಬೇಕಾಗುವುದು, ಎರಡಕ್ಕೂ ಕಾರಣ ಒಂದೇ ಬಾಣದ ಏರಿಳಿತ. ಸತುವಿಗೆ ಈ ಹೋಗಿಬರುವಿಕೆ ಇಲ್ಲ. 3ಡಿ¹⁰ ತುಂಬಿ ಕುಳಿತ ಅಯಾನು ಇನ್ನೊಂದು ಎಲೆಕ್ಟ್ರಾನನ್ನು ಬಿಡುವುದೂ ಇಲ್ಲ, ಸುಲಭಕ್ಕೆ ಪಡೆಯುವುದೂ ಇಲ್ಲ. ಆದ್ದರಿಂದ ಜೀವಕೋಶದೊಳಗೆ ಕಬ್ಬಿಣ ಮತ್ತು ತಾಮ್ರಕ್ಕೆ ಎಲೆಕ್ಟ್ರಾನು ಸಾಗಿಸುವ ಕೆಲಸ, ಸತುವಿಗೆ ಕಿಣ್ವಗಳ ಆಕಾರ ಹಿಡಿದು ನಿಲ್ಲಿಸುವ, ಕ್ರಿಯೆಗೆ ನೆರವಾಗುವ ಕೆಲಸ.

ನಿಯಮ ಮೀರುವ ಧಾತುಗಳು

ಮೊತ್ತದ ನಿಯಮದಂತೆ ಕ್ರೋಮಿಯಂ 3ಡಿ⁴ 4ಎಸ್² ಆಗಬೇಕಿತ್ತು, ಇರುವುದು 3ಡಿ⁵ 4ಎಸ್¹. ತಾಮ್ರ 3ಡಿ⁹ 4ಎಸ್² ಆಗಬೇಕಿತ್ತು, ಇರುವುದು 3ಡಿ¹⁰ 4ಎಸ್¹. ಪಿಯುಸಿ ಪರೀಕ್ಷೆಗೆ ಓದುವ ಎಲ್ಲರಿಗೂ ಇವೆರಡು ಗೊತ್ತು. ಅರ್ಧ ತುಂಬಿದ್ದಕ್ಕೆ, ಪೂರ್ತಿ ತುಂಬಿದ್ದಕ್ಕೆ ಹೆಚ್ಚು ಸ್ಥಿರತೆ ಎಂಬ ವಾಕ್ಯವೂ ಗೊತ್ತು. ಆ ವಾಕ್ಯದ ಹಿಂದಿನ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಒಂದೇ ದಿಕ್ಕಿನ ಬಾಣಗಳ ಪ್ರತಿ ಜೋಡಿಗೂ ವಿನಿಮಯ ಶಕ್ತಿ ಎಂಬ ಸ್ವಲ್ಪ ಲಾಭವಿದೆ. ಡಿಯಲ್ಲಿ ನಾಲ್ಕು ಸಮಮುಖ ಬಾಣಗಳಿದ್ದರೆ ಅಂಥ ಜೋಡಿ 6, ಐದಿದ್ದರೆ 10. ಜತೆಗೆ, ಒಂದೇ ಚೌಕದಲ್ಲಿ ಇಬ್ಬರನ್ನು ಕೂಡಿಹಾಕುವ ಖರ್ಚೂ ತಪ್ಪುತ್ತದೆ. 4ಎಸ್ ಮತ್ತು 3ಡಿಯ ನಡುವಿನ ಅಂತರ ಚಿಕ್ಕದಿದ್ದಾಗ ಈ ಲಾಭವೇ ಮೇಲಾಗುತ್ತದೆ.

ಆದರೆ ಅರ್ಧ ತುಂಬಿದ್ದಕ್ಕೆ ಸ್ಥಿರತೆ ಎಂಬುದನ್ನು ಎಲ್ಲೆಡೆ ನಡೆಯುವ ನಿಯಮ ಎಂದು ತಿಳಿಯಬಾರದು. ಸಾಕ್ಷಿ ಹಟ್ಟಿಯ ಬಂಡೆಯಲ್ಲೇ ಇದೆ. ಅಲ್ಲಿನ ಚಿನ್ನದ ಅದಿರಿನ ಜತೆ ಶೀಲೈಟ್ ಎಂಬ ಟಂಗ್‌ಸ್ಟನ್ ಖನಿಜವೂ ಸಿಗುತ್ತದೆ. ಟಂಗ್‌ಸ್ಟನ್ ಕ್ರೋಮಿಯಂನ ಕಂಬದಲ್ಲೇ ಕೆಳಗಿರುವ ಧಾತು. ನಡುವಿನ ಮಾಲಿಬ್ಡಿನಂ 4ಡಿ⁵ 5ಎಸ್¹ ಎಂದು ಕ್ರೋಮಿಯಂನ ದಾರಿ ಹಿಡಿದರೆ, ಟಂಗ್‌ಸ್ಟನ್ ಮಾತ್ರ [ಕ್ಸೆನಾನ್] 4ಎಫ್¹⁴ 5ಡಿ⁴ 6ಎಸ್². ಅರ್ಧ ತುಂಬುವ ಅವಕಾಶ ಕೈಯಲ್ಲಿದ್ದರೂ ಅದು ತೆಗೆದುಕೊಂಡಿಲ್ಲ, ಏಕೆಂದರೆ ಅಲ್ಲಿ 6ಎಸ್ ಬಹಳ ಕೆಳಕ್ಕೆ ಇಳಿದಿದೆ. ನಯೋಬಿಯಂ 4ಡಿ⁴ 5ಎಸ್¹, ಪಲ್ಲಾಡಿಯಂ 5ಎಸ್ ಪೂರ್ತಿ ಖಾಲಿ ಬಿಟ್ಟು 4ಡಿ¹⁰. ಸೀರಿಯಂ, ಗ್ಯಾಡೋಲಿನಿಯಂ, ಪ್ಲಾಟಿನಂ, ಥೋರಿಯಂ, ಯುರೇನಿಯಂ ಕೂಡ ಮೊತ್ತದ ಲೆಕ್ಕಕ್ಕೆ ಸಿಗುವುದಿಲ್ಲ. ಇಂಥ ಧಾತುಗಳು ಸುಮಾರು ಇಪ್ಪತ್ತು. ಇವುಗಳ ವಿನ್ಯಾಸವನ್ನು ರೋಹಿತ ಅಳೆದು ಕಂಡುಕೊಂಡದ್ದು; ನಿಯಮದಿಂದ ಹೊರಡಿಸಲು ಹೋಗುವುದು ವ್ಯರ್ಥ.

ಹಟ್ಟಿಯ ಚಿನ್ನ

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಆಳಕ್ಕೆ ಗಣಿ ತೋಡಿದ್ದರು ಎಂಬುದಕ್ಕೆ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ಕಾಲನಿರ್ಣಯ ಆಧಾರವಾಗಿದೆ. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡವನು ಕೂಡ ಚಿನ್ನದ ಜಾಡು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಆರಂಭವಾದ ಕಂಪನಿ 1956ರಲ್ಲಿ ಹಟ್ಟಿ ಗೋಲ್ಡ್ ಮೈನ್ಸ್ ಆಯಿತು. ದೇವದುರ್ಗ ತಾಲ್ಲೂಕಿನ ಊಟಿ, ಹಳೆಯ ಮಾನ್ವಿ ತಾಲ್ಲೂಕಿನ ಹೀರಾ–ಬುದ್ದಿನ್ನಿ ಇದೇ ಕಂಪನಿಯ ಗಣಿಗಳು.

ಚಿನ್ನದ ಪರಮಾಣು ಸಂಖ್ಯೆ 79. ಮೊತ್ತದ ನಿಯಮದಂತೆ ಬರೆದರೆ 5ಡಿ⁹ 6ಎಸ್². ನಿಜವಾದದ್ದು [ಕ್ಸೆನಾನ್] 4ಎಫ್¹⁴ 5ಡಿ¹⁰ 6ಎಸ್¹. ತಾಮ್ರ 3ಡಿ¹⁰ 4ಎಸ್¹, ಬೆಳ್ಳಿ 4ಡಿ¹⁰ 5ಎಸ್¹. ಅಕ್ಕಸಾಲಿಗರು ಸಾವಿರಾರು ವರ್ಷಗಳಿಂದ ಒಂದಕ್ಕೊಂದು ಬೆರೆಸುತ್ತ ಬಂದ ಮೂರು ಲೋಹಗಳು ಆವರ್ತಕ ಕೋಷ್ಟಕದ ಒಂದೇ ಕಂಬದಲ್ಲಿವೆ, ಒಂದೇ ಬಗೆಯ ಹೊರವಿನ್ಯಾಸದೊಂದಿಗೆ.

ಹಾಗಿದ್ದರೆ ಬೆಳ್ಳಿ ಬೆಳ್ಳಗೆ, ಚಿನ್ನ ಹಳದಿ ಏಕೆ? ವಿನ್ಯಾಸದ ಸಾಲು ಇದಕ್ಕೆ ಉತ್ತರ ಕೊಡುವುದಿಲ್ಲ. ಐನ್‌ಸ್ಟೈನನ ಸಾಪೇಕ್ಷತೆಯನ್ನು ಕರೆಯಬೇಕಾಗುತ್ತದೆ. ಬೀಜದ ಆವೇಶ 79 ಆದಾಗ 1ಎಸ್ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ 79/137 ಭಾಗ, ಅಂದರೆ ಸುಮಾರು ಶೇ 58. ಆ ವೇಗದಲ್ಲಿ ಎಲೆಕ್ಟ್ರಾನಿನ ಪರಿಣಾಮಕಾರಿ ದ್ರವ್ಯರಾಶಿ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚಾಗಿ ಬೆಳೆಯುತ್ತದೆ, ಆರ್ಬಿಟಲ್ ಕುಗ್ಗುತ್ತದೆ. ಬೀಜದ ಸಮೀಪಕ್ಕೆ ನುಸುಳಬಲ್ಲ ಎಸ್ ಆರ್ಬಿಟಲ್‌ಗಳೆಲ್ಲ, 6ಎಸ್ ಕೂಡ, ಹೀಗೆ ಕುಗ್ಗಿ ಶಕ್ತಿಯಲ್ಲಿ ಕೆಳಗಿಳಿಯುತ್ತವೆ. ಕುಗ್ಗಿದ ಒಳ ಎಲೆಕ್ಟ್ರಾನುಗಳು ಬೀಜವನ್ನು ಇನ್ನಷ್ಟು ಮರೆಮಾಡುವುದರಿಂದ 5ಡಿ ಹಿಗ್ಗಿ ಮೇಲೇರುತ್ತದೆ. ಎರಡರ ಅಂತರ ಕಿರಿದಾಗಿ ಸುಮಾರು 2.4 ಎಲೆಕ್ಟ್ರಾನ್ ವೋಲ್ಟಿಗೆ, ಅಂದರೆ ನೀಲಿಯ ಅಂಚಿಗೆ ಬರುತ್ತದೆ. ಚಿನ್ನ ನೀಲಿಯನ್ನು ಹೀರುತ್ತದೆ, ಉಳಿದದ್ದು ಹಳದಿಯಾಗಿ ಮರಳುತ್ತದೆ. ಬೆಳ್ಳಿಯಲ್ಲಿ ಅದೇ ಅಂತರ ಅತಿನೇರಳೆಯಲ್ಲಿದೆ, ಕಾಣುವ ಬೆಳಕೆಲ್ಲ ಹಿಂದಿರುಗುತ್ತದೆ. ಕುಗ್ಗಿದ 6ಎಸ್ ತನ್ನ ಎಲೆಕ್ಟ್ರಾನನ್ನು ಬಿಗಿಯಾಗಿ ಹಿಡಿದಿರುವುದೇ ಚಿನ್ನ ಕಪ್ಪಾಗದೆ ಉಳಿಯುವುದಕ್ಕೂ ಒಂದು ಮುಖ್ಯ ಕಾರಣ. ಆವರ್ತಕ ಕೋಷ್ಟಕದಲ್ಲಿ ಇಷ್ಟು ದೊಡ್ಡ ಭೌತಶಾಸ್ತ್ರವನ್ನು ಇಷ್ಟು ಕಣ್ಣಿಗೆ ಕಾಣುವಂತೆ ಹೊತ್ತ ಧಾತು ಮತ್ತೊಂದಿಲ್ಲ; ಅದು ಈ ಜಿಲ್ಲೆಯ ನೆಲದಡಿ ಇರುವುದು ಇಲ್ಲಿನ ರಸಾಯನಶಾಸ್ತ್ರ ಅಧ್ಯಾಪಕರ ಭಾಗ್ಯ.

ಅದಿರಿನಿಂದ ಚಿನ್ನ ತೆಗೆಯುವ ರಸಾಯನವೂ ವಿನ್ಯಾಸವನ್ನೇ ನೆಚ್ಚಿದೆ. ಪುಡಿ ಮಾಡಿದ ಅದಿರಿಗೆ ಸಯನೈಡ್ ದ್ರಾವಣ ಮತ್ತು ಗಾಳಿ ಕೊಟ್ಟಾಗ ಚಿನ್ನ 6ಎಸ್‌ನ ಏಕೈಕ ಎಲೆಕ್ಟ್ರಾನನ್ನು ಬಿಟ್ಟು 5ಡಿ¹⁰ ಅಯಾನಾಗುತ್ತದೆ. ಅದರ ಎರಡು ಬದಿಗೆ ಒಂದೊಂದು ಸಯನೈಡ್ ನೇರ ಗೆರೆಯಲ್ಲಿ ಕೂಡಿ ನೀರಿನಲ್ಲಿ ಕರಗುತ್ತದೆ.

ಕುಡಿಯುವ ನೀರಿನ ಎರಡು ಧಾತುಗಳು

ಹಟ್ಟಿಯ ಅದಿರಿನಲ್ಲಿ ಚಿನ್ನದ ಒಡನಾಡಿ ಆರ್ಸೆನೋಪೈರೈಟ್. ಕಬ್ಬಿಣ, ಆರ್ಸೆನಿಕ್, ಗಂಧಕ ಕೂಡಿದ ಖನಿಜ ಇದು. ಈ ಚಿನ್ನದ ಪಟ್ಟಿಯ ಅಂತರ್ಜಲದಲ್ಲಿ ಕೆಲವೆಡೆ ಆರ್ಸೆನಿಕ್ ಕಂಡುಬಂದಿದೆ. ಅದು ವಿಷವಾಗುವ ಬಗೆಯನ್ನು ಎರಡು ಸಾಲುಗಳು ಹೇಳುತ್ತವೆ. ರಂಜಕ [ನಿಯಾನ್] 3ಎಸ್² 3ಪಿ³; ಆರ್ಸೆನಿಕ್ [ಆರ್ಗಾನ್] 3ಡಿ¹⁰ 4ಎಸ್² 4ಪಿ³. ಹೊರಗಿನ ಚಿತ್ರ ಎರಡರದೂ ಒಂದೇ: ಜೋಡಿಯೊಂದು, ಒಂಟಿ ಮೂರು. ಆದ್ದರಿಂದ ಆರ್ಸೆನೇಟ್ ಅಯಾನು ಫಾಸ್ಫೇಟ್ ಅಯಾನಿನ ಪ್ರತಿರೂಪ. ಜೀವಕೋಶ ಗುರುತು ಹಿಡಿಯದೆ ಫಾಸ್ಫೇಟಿನ ಬಾಗಿಲಲ್ಲೇ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಅದು ಕಟ್ಟುವ ಬಂಧ ನಿಲ್ಲುವುದಿಲ್ಲ. ಶಕ್ತಿ ಸಂಗ್ರಹಿಸುವ ಎಟಿಪಿಯ ತಯಾರಿ ಕೆಡುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ.

ಫ್ಲೋರೈಡಿನ ಕತೆ ಇನ್ನೊಂದು ಬಗೆಯದು. ಗ್ರಾನೈಟ್ ಮತ್ತು ನೈಸ್ ಬಂಡೆಗಳ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳಿಂದ ಅದು ಬೋರ್‌ವೆಲ್ ನೀರಿಗೆ ಇಳಿಯುತ್ತದೆ. ಫ್ಲೋರಿನ್ನಿನ 2ಪಿ⁵ ಚಿತ್ರದಲ್ಲಿ ಕೊರತೆ ಒಂದೇ ಬಾಣದ್ದು; ಅದು ತುಂಬಿದರೆ 1ಎಸ್² 2ಎಸ್² 2ಪಿ⁶ ಎಂಬ ನಿಯಾನಿನ ವಿನ್ಯಾಸ. ಹೀಗೆ ಬರುವ ಫ್ಲೋರೈಡ್ ಅಯಾನು ಹೈಡ್ರಾಕ್ಸೈಡ್ ಅಯಾನಿನಷ್ಟೇ ಆವೇಶ, ಹತ್ತಿರ ಹತ್ತಿರ ಅದರಷ್ಟೇ ಗಾತ್ರದ್ದು. ಹಲ್ಲು ಮತ್ತು ಮೂಳೆಯ ಖನಿಜದಲ್ಲಿ ಹೈಡ್ರಾಕ್ಸೈಡಿನ ಸ್ಥಾನಕ್ಕೆ ಅದು ಹೊಕ್ಕು ಕೂರುತ್ತದೆ. ಸ್ವಲ್ಪ ಇದ್ದರೆ ಹಲ್ಲು ಗಟ್ಟಿ. ವರ್ಷಗಟ್ಟಲೆ ಹೆಚ್ಚಾಗಿ ಸೇರಿದರೆ ಹಲ್ಲಿನ ಮೇಲೆ ಕಂದು ಗೆರೆ, ಕೀಲು–ಬೆನ್ನು ಬಿಗಿತ. ಮಾನಕದ ಮಿತಿ 1.0 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5.

ಇಂಗಾಲ ಮತ್ತು ಸಿಲಿಕಾನ್

ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೆ ಈಗ 8 ಘಟಕಗಳು, 1720 ಮೆಗಾವಾಟ್ ಸಾಮರ್ಥ್ಯ. ಅಲ್ಲಿ ಉರಿಯುವ ಕಲ್ಲಿದ್ದಲಿನ ಇಂಗಾಲ 2ಎಸ್² 2ಪಿ². ಉಳಿಯುವ ಬೂದಿಯ ಮುಖ್ಯ ಧಾತುಗಳಲ್ಲೊಂದಾದ ಸಿಲಿಕಾನ್ 3ಎಸ್² 3ಪಿ². ಹೊರಕವಚ ಒಂದೇ ತರಹ, ಆಮ್ಲಜನಕದೊಡನೆ ಎರಡೂ ಡೈಆಕ್ಸೈಡ್ ಕೊಡುತ್ತವೆ. ಆದರೆ ಒಂದು ಅನಿಲವಾಗಿ ಚಿಮಣಿಯಿಂದ ಮೇಲೆ ಹೋಗುತ್ತದೆ, ಇನ್ನೊಂದು ಕಲ್ಲಿನಂತೆ ಬೂದಿಯಲ್ಲಿ ಉಳಿಯುತ್ತದೆ. ಇಂಗಾಲದ 2ಪಿ ಚಿಕ್ಕದು. ಆಮ್ಲಜನಕದ 2ಪಿಯೊಂದಿಗೆ ಪಕ್ಕಪಕ್ಕಕ್ಕೆ ಚೆನ್ನಾಗಿ ಹೊಂದಿ ಜೋಡಿಬಂಧ ಕಟ್ಟುತ್ತದೆ, ಮೂರು ಪರಮಾಣುಗಳ ಪುಟ್ಟ ಅಣು ಸಾಕಾಗುತ್ತದೆ. ಸಿಲಿಕಾನಿನ 3ಪಿ ದೊಡ್ಡದು, ಹಾಗೆ ಹೊಂದುವುದಿಲ್ಲ. ಅದು ನಾಲ್ಕು ಆಮ್ಲಜನಕಗಳಿಗೆ ಒಂಟಿಬಂಧ ಕಟ್ಟಿ, ಅವು ಮತ್ತೆ ಬೇರೆ ಸಿಲಿಕಾನ್‌ಗಳಿಗೆ ಕಟ್ಟಿ, ಕೊನೆಯಿಲ್ಲದ ಜಾಲವಾಗುತ್ತದೆ. ರಾಯಚೂರಿನ ರೈಸ್‌ಮಿಲ್ಲುಗಳ ಹೊಟ್ಟಿನ ಬೂದಿಯಲ್ಲೂ ಬಹುಪಾಲು ಇದೇ ಸಿಲಿಕಾ. ವಿನ್ಯಾಸದ ಅಕ್ಷರಗಳನ್ನು ಓದಿ ಮುಂದಿನ ಅಂಕಿಯನ್ನು ಅಲಕ್ಷಿಸಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಮಿತಿಗಳು

ಈ ಲೇಖನದಲ್ಲಿ ಧಾತುಗಳಿಗೆ ಬರೆದ ವಿನ್ಯಾಸಗಳು ಅನಿಲ ಸ್ಥಿತಿಯಲ್ಲಿ ಒಂಟಿಯಾಗಿರುವ, ಕನಿಷ್ಠ ಶಕ್ತಿಯ ಪರಮಾಣುವಿನವು. ಲೋಹದ ಗಟ್ಟಿಯಲ್ಲಿ ಕೋಟಿಗಟ್ಟಲೆ ಪರಮಾಣುಗಳ 5ಡಿ, 6ಎಸ್ ಮಟ್ಟಗಳು ಒಂದರೊಳಗೊಂದು ಬೆರೆತು ಪಟ್ಟಿಗಳಾಗುತ್ತವೆ. ಅಲ್ಲಿ ಒಂದು ಎಲೆಕ್ಟ್ರಾನನ್ನು ತೋರಿಸಿ ಇದು ಇಂಥ ಚೌಕದ್ದು ಎನ್ನಲಾಗದು. ಒಂಟಿ ಪರಮಾಣುವಿನಲ್ಲೂ ಎಲೆಕ್ಟ್ರಾನುಗಳು ಪರಸ್ಪರ ತಳ್ಳುವುದರಿಂದ ಬಿಡಿಬಿಡಿ ಆರ್ಬಿಟಲ್ ಎಂಬುದು ಅಂದಾಜಿನ ಚಿತ್ರ. ಬಹಳ ಒಳ್ಳೆಯ ಅಂದಾಜು, ಆದರೂ ಅಂದಾಜೇ. ತೀರ ಭಾರವಾದ ಧಾತುಗಳಲ್ಲಿ ಅದನ್ನು ಅಳೆದು ಖಚಿತಪಡಿಸಿಕೊಳ್ಳುವ ಕೆಲಸ ಇನ್ನೂ ನಡೆದಿದೆ. 103ನೆಯ ಧಾತು ಲಾರೆನ್ಸಿಯಂನ ಕೊನೆಯ ಎಲೆಕ್ಟ್ರಾನು 6ಡಿಯಲ್ಲಿರಬೇಕೆಂದು ಮೊತ್ತದ ನಿಯಮ ಹೇಳಿದರೆ, ಸಾಪೇಕ್ಷತೆಯನ್ನು ಸೇರಿಸಿದ ಲೆಕ್ಕ ಅದು 7ಪಿಯಲ್ಲಿದೆ ಎನ್ನುತ್ತದೆ. 2015ರಲ್ಲಿ ಜಪಾನಿನಲ್ಲಿ ಒಂದೊಂದೇ ಪರಮಾಣು ಹಿಡಿದು ಅದರ ಅಯಾನೀಕರಣ ಶಕ್ತಿಯನ್ನು ಅಳೆದಾಗ ಬಂದ ಬೆಲೆ 4.96 ಎಲೆಕ್ಟ್ರಾನ್ ವೋಲ್ಟ್. ಅಷ್ಟು ಸಡಿಲವಾಗಿ ಕುಳಿತ ಎಲೆಕ್ಟ್ರಾನು 7ಪಿಯ ಲೆಕ್ಕಕ್ಕೆ ಹೊಂದುತ್ತದೆ.